ಹಿಮದ ಗಾಡಿಗೆ ಶಿರಸಿಯ ಹಳಿ

ಕಲ್ಲು ಮೆತ್ತಗಿದ್ದ, ಕಾಗೆ ಬೆಳ್ಳಗಿದ್ದ ಕಾಲದಲ್ಲಿ ಒಬ್ಬ ರಾಜ. ಅವನಿಗೆ ಒಬ್ಬಳೇ ಮಗಳು. ಆ ಮಗಳನ್ನು ಕೇಳಿಕೊಂಡು ಇಬ್ಬರು ರಾಜಕುಮಾರರು ಒಂದೇ ವಾರ ಬಂದುಬಿಟ್ಟರೆ ರಾಜ ಏನು ಮಾಡಬೇಕು? ಪರೀಕ್ಷೆ ಇಡಬೇಕು. ಏಳು ಕಡಲಿನಾಚೆಯ ಹೂವು ತಾ ಅನ್ನಬೇಕು, ಗಿಳಿಯ ಹೊಟ್ಟೆಯಲ್ಲಿ ಅಡಗಿಸಿಟ್ಟ ರಾಕ್ಷಸನ ಜೀವ ತಾ ಅನ್ನಬೇಕು. ಗೆದ್ದವನಿಗೆ ಮಗಳು, ಸೋತವನಿಗೆ ದಾರಿಬದಿಯಲ್ಲಿ ಕಲ್ಲಾಗಿ ನಿಲ್ಲುವ ಯೋಗ. ಅರ್ಧ ನಿದ್ದೆಯಲ್ಲಿ ಕೇಳುವ ಮಕ್ಕಳಿಗೂ ಅದರಲ್ಲಿ ಗೊಂದಲವಿಲ್ಲ.

ಆಮೇಲೆ ಕಲ್ಲು ಗಟ್ಟಿಯಾಯಿತು, ಕಾಗೆ ಕಪ್ಪಾಯಿತು, ಶಿರಸಿಯ ಬಸ್‌ಸ್ಟ್ಯಾಂಡಿನ ಸುತ್ತ ಎಸ್ಟಿಡಿ ಬೂತುಗಳು ಅಣಬೆಯ ಹಾಗೆ ಎದ್ದವು. ರಾಜರು ಹೋದರು, ಮಾಗೋಡಿನ ಭಟ್ಟರು ಉಳಿದರು. ಭಟ್ಟರಿಗೆ ಒಬ್ಬಳು ಮಗಳು, ಪರಿಮಳಾ. ಅವಳನ್ನು ಕೇಳಿಕೊಂಡು ಒಂದೇ ವಾರ ಇಬ್ಬರು ಬಂದರು. ಒಬ್ಬ ಯಲ್ಲಾಪುರದಲ್ಲಿ ಟಿಲ್ಲರ್ ಮಾರುವ ಕಿಶೋರ. ಇನ್ನೊಬ್ಬ ಶಿರಸಿಯಲ್ಲಿ, ಜೀಪು ಲಾರಿಗಳ ಅಡಿಗೆ ಕೂರಿಸುವ ಕಮಾನುಪಟ್ಟಿ ಮಾರುವ ಶಂಕ್ರಪ್ಪನವರ ಅಂಗಡಿಯಲ್ಲಿ ಕೆಲಸಕ್ಕಿರುವ ವಿಘ್ನೇಶ್ವರ.

ವಿಘ್ನ ಕಳೆಯಲಿ ಎಂದು ಹಿರಿಯರು ಅವನಿಗೆ ಆ ಹೆಸರಿಟ್ಟಿದ್ದರು. ವಿಘ್ನಗಳು ಮಾತ್ರ ಅದನ್ನು ತಮ್ಮ ಮನೆಯ ಬೋರ್ಡು ಎಂದು ತಿಳಿದು, ಬಾಗಿಲು ಕೂಡ ತಟ್ಟದೆ ಒಳಗೆ ಬರುತ್ತಿದ್ದವು. ಈ ಸಲದ ವಿಘ್ನಕ್ಕೆ ಬಾಗಿಲು ತೆರೆದುಕೊಟ್ಟವನು ಅವನ ಸೋದರಮಾವ, ತ್ಯಾಗಲಿ ಊರಿನವನು.

ಹೆಣ್ಣು ನೋಡುವ ದಿನ ಭಟ್ಟರ ಜಗಲಿಯಲ್ಲಿ, "ಮಾಣಿ ಎಂತ ಮಾಡ್ತ?" ಎಂಬ ಪ್ರಶ್ನೆ ಬಂದಾಗ ಉತ್ತರ ಹೇಳುವ ಹಕ್ಕು ಮಾಣಿಗಿರಲಿಲ್ಲ. ಅದು ಯಾವತ್ತೂ ಮಾವಂದಿರ ಹಕ್ಕು. ಮಾವ ಎಲೆಯಡಿಕೆಯ ಕವಳ ಒಂದು ಕೆನ್ನೆಗೆ ದೂಡಿಕೊಂಡು ಹೇಳಿದ: "ಗಾಡಿ ಅಡಿಗೆ ಇಪ್ಪದ್ರಲ್ಲಿ ನಮ್ಮ ಮಾಣಿಗೆ ಗೊತ್ತಿಲ್ದೇ ಇಪ್ಪದು ಎಂತೂ ಇಲ್ಲೆ. ಜೀಪಾಗ್ಲಿ, ಲಾರಿಯಾಗ್ಲಿ. ವಿಮಾನವೇ ತಂದು ನಿಲ್ಸಿ, ಅಡಿಗೆ ಹೊಕ್ಕು ನೋಡಿ ಹೇಳ್ತ."

ವಿಘ್ನೇಶ್ವರನಿಗೆ ಗೊತ್ತಿದ್ದದ್ದು ಕಮಾನುಪಟ್ಟಿಯ ಉದ್ದ, ಅಗಲ, ಮತ್ತು ಯಾವುದು ಯಾವ ಕಪಾಟಿನಲ್ಲಿದೆ ಎಂಬುದು. ಅವನು ಬಾಯಿ ತೆರೆದ. ಅಷ್ಟರಲ್ಲಿ ಪರಿಮಳಾ ಪಾನಕದ ಲೋಟ ಹಿಡಿದು ಬಂದಳು. ಲೋಟ ಕೊಡುವಾಗ ಅವನಿಗಷ್ಟೇ ಕೇಳುವ ಹಾಗೆ, "ನಿಂಗಳ ಕೈ ಕಬ್ಬಿಣದ ವಾಸನೆ ಬತ್ತು" ಎಂದು ಹೇಳಿ ನಕ್ಕಳು. ತೆರೆದ ಬಾಯಿ ತೆರೆದೇ ಉಳಿಯಿತು. ಆವತ್ತಿನಿಂದ ಅವನು ಸೋಪು ಹಚ್ಚಿ ಕೈ ತೊಳೆಯುವುದನ್ನೇ ಬಿಟ್ಟಿದ್ದ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೈ ಮೂಸಿಕೊಂಡು ಕೂರುತ್ತಿದ್ದ.

ಹಾಗೆ ಕೂತಿದ್ದಾಗಲೇ, ದೀಪಾವಳಿ ಕಳೆದ ಒಂದು ಬೆಳಿಗ್ಗೆ, ಅಂಗಡಿಯ ಫೋನು ಬಡಿದುಕೊಂಡಿತು.

"ಭಾವ, ಆನು ಶಶಾಂಕ. ಮಾಗೋಡಿಂದ."

ಶಶಾಂಕ ಪರಿಮಳಾಳ ಅಣ್ಣ. ಹಿಮಾಲಯದ ಕಡೆ ಎಲ್ಲೋ ಹಿಮದ ಮೇಲೆ ಓಡುವ ಗಾಡಿಯಲ್ಲಿ ಜನ, ಸಾಮಾನು ಸಾಗಿಸುವ ಕೆಲಸ ಅವನದು. ರಜೆಗೆ ಬಂದಿದ್ದ. 'ಭಾವ' ಎಂಬ ಒಂದು ಮಾತಿಗೇ ವಿಘ್ನೇಶ್ವರ ಎದ್ದು ನಿಂತ.

"ಒಂದು ಪ್ರಶ್ನೆ ಇದ್ದು ಭಾವ. ಎಂಗಳ ಗಾಡಿ ಗೊತ್ತಿದ್ದಲ, ಅದಕ್ಕೆ ಚಕ್ರ ಇಲ್ಲೆ."

"ಚಕ್ರ ಇಲ್ಲೆ?"

"ಮುಂದೆ ಎರಡು ಜಾರುಪಟ್ಟಿ. ಹಿಂದೆ ಅಗಲದ ರಬ್ಬರ್ ಬೆಲ್ಟು, ಮಿಲಿಟ್ರಿ ಟ್ಯಾಂಕಿನ ಚೈನು ಸುತ್ತಿದಾಂಗೆ ಸುತ್ತತು. ಬೆಲ್ಟಿನ ಒಳಗೆ ಉದ್ದಕೆ ಎರಡು ಹಳಿ. ಸ್ಪ್ರಿಂಗು, ಶಾಕಪ್ಸು ಎಲ್ಲ ಅದ್ರ ಮೇಲೆ. ಕೂತವನ ಭಾರ ಪೂರ್ತಿ ಆ ಹಳಿ ಮೇಲೇ ಬೀಳ್ತು. ಈಗ ಹಳಿ ಹೊಸತು ತರಸವು. ಎರಡು ನಮೂನೆ ಸಿಕ್ತು. ಒಂದು ಉದ್ದ, ಮೂತಿ ಮೇಲೆ ಎತ್ತಿದ್ದು, ಮೈ ತುಂಬ ತೂತು. ಇನ್ನೊಂದು ಗಿಡ್ಡ, ಗಟ್ಟಿ, ಮೂತಿ ಚಪ್ಪಟೆ. ಮೇಲಿನ ಗುಡ್ಡದಲ್ಲಿ ಹಿಮ ಬಿದ್ರೆ ಹಿಟ್ಟು ಇದ್ದಾಂಗೆ, ಸೊಂಟದ ಮಟ ಇರ್ತು. ಅದ್ರಲ್ಲಿ ಗಾಡಿ ಏರು ಹತ್ತವು. ಯಾವ ಹಳಿ ಹಾಕಸವು, ಹೇಳು."

ವಿಘ್ನೇಶ್ವರನ ತಲೆಯೊಳಗೆ ಬೆಲ್ಟು ಸುತ್ತತೊಡಗಿತು.

"ಅಪ್ಪಯ್ಯನೂ ಇಲ್ಲೇ ಕೂತು ಕೇಳ್ತಾ ಇದ್ದ," ಎಂದ ಶಶಾಂಕ. "ಕಿಶೋರಂಗೂ ಇದೇ ಪ್ರಶ್ನೆ ಕೊಟ್ಟಾಜು. ಇಬ್ರೂ ಗಾಡಿ ಕೆಲ್ಸದವು, ಯಾರಿಗೆ ನಮ್ಮ ಕೂಸಿನ, ಪರಿಮಳನ ಕೊಡದು ಹೇಳಿ ಇದ್ರಲ್ಲೇ ನೋಡ್ವ ಹೇಳಿ ಅಪ್ಪಯ್ಯಂದು. ಎಂಗಳ ಕಂಪನಿಗೆ ಆನೂ ಇವತ್ತೇ ತಿಳಸವು. ಸಂಜೆ ದೀಪ ಹಚ್ಚದ್ರೊಳಗೆ ಫೋನ್ ಮಾಡ್ತ್ಯಾ?"

"ಮಾಡ್ತೆ. ದೀಪ ಹಚ್ಚದ್ರೊಳಗೆ ಖಂಡಿತ ಹೇಳ್ತೆ," ಎಂದುಬಿಟ್ಟಿತು ವಿಘ್ನೇಶ್ವರನ ಬಾಯಿ, ತಲೆಯನ್ನು ಒಂದು ಮಾತೂ ಕೇಳದೆ.

ಫೋನು ಇಟ್ಟ ಮೇಲೆ ಅವನು ಹಿಮವನ್ನು ಎಲ್ಲಿ ನೋಡಿದ್ದೇನೆ ಎಂದು ನೆನಪು ಮಾಡಿಕೊಂಡ. ಒಂದು ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ, ಶಿವನ ಹಿಂದೆ. ಶಿವ ಅಲ್ಲಿ ಹುಲಿಚರ್ಮದ ಮೇಲೆ ಕೂತಿದ್ದ. ಅದಕ್ಕೆ ಹಳಿ ಇರಲಿಲ್ಲ.

"ಏನಪಾ, ಯಾರ್ದು ಫೋನು? ಮುಖ ಯಾಕ ಸುಟ್ಟ ಬದನಿಕಾಯಿ ಆಗೈತಿ?" ಎಂದರು ಗಲ್ಲಾದ ಮೇಲಿದ್ದ ಶಂಕ್ರಪ್ಪ. ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ಅಂಗಡಿ ಇಟ್ಟವರು. ಹುಡುಗನ ಮೇಲೆ ಪ್ರೀತಿ ಇತ್ತು, ಅದನ್ನು ಬೈಗುಳದಲ್ಲೇ ತೋರಿಸುತ್ತಿದ್ದರು.

ವಿಘ್ನೇಶ್ವರ ಹೇಳಿದ. ಒಮ್ಮೆ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಲ ಅವನಿಗೇ ತಿಳಿಯಲಿಲ್ಲ.

"ಐಸಿನ ಮ್ಯಾಲೆ ಯಾಕ ಹತ್ತತಾರಪಾ, ತಿನ್ನೂದು ಬಿಟ್ಟು?" ಎಂದರು ಶಂಕ್ರಪ್ಪ. ಆಮೇಲೆ ಮದುವೆಯ ಮಾತು ಎಂದು ಗೊತ್ತಾಗಿ ಗಂಭೀರರಾದರು. "ಗಿಡ್ಡಂದ ಹೇಳು. ಲಾರಿ ಕಮಾನಿನಾಗ ಯಾವಾಗ್ಲೂ ಮುರಿಯೂದು ಉದ್ದ ಪಟ್ಟೀನ. ಮ್ಯಾಲೆ ತೂತು ಬ್ಯಾರೆ ಅಂತೀ. ತೂತಿದ್ದ ಮಾಲು ನಮ್ಮ ಅಂಗಡ್ಯಾಗ ಇಟ್ರ ಗಿರಾಕಿ ಮುಖಕ್ಕ ಒಗೀತಾನ."

"ಸಾವ್ಕಾರ್ರೆ, ಉದ್ದದ್ದೇ ಸರಿ," ಎಂದ ಒಳಗಿನಿಂದ ಗ್ರೀಸಿನ ಡಬ್ಬಿ ಹಿಡಿದು ಬಂದ ರಾಘು. ಅವನೂ ಅದೇ ಅಂಗಡಿಯವನು, ಎಲ್ಲ ವಿಷಯಕ್ಕೂ ಎರಡನೆಯ ಅಭಿಪ್ರಾಯ ಅವನದಾಗಿರುತ್ತಿತ್ತು. "ಹಿಟ್ಟು ಲಟ್ಟಿಸೋಕೆ ಉದ್ದ ಲಟ್ಟಣಿಗೆ ಬೇಕಾ, ಗಿಡ್ಡದ್ದು ಬೇಕಾ?"

"ಇವ ಹಿಟ್ಟು ಲಟ್ಟಿಸಾಕ ಹೊಂಟಿಲ್ಲಲೇ, ಹಿಟ್ಟಿನ ಮ್ಯಾಲೆ ಹತ್ತಾಕ ಹೊಂಟಾನ."

ಬಾಗಿಲಲ್ಲಿ ನೆರಳಿಗೆ ನಿಂತಿದ್ದ ಬಸ್ ಕಂಡಕ್ಟರೊಬ್ಬ ಇಣುಕಿದ. "ಹಳಿಯಾ? ಅಂತೂ ಶಿರಸಿಗೆ ರೈಲು ಬಂತಾ?"

"ರೈಲಲ್ಲ, ಹಿಮದ ಗಾಡಿ."

"ಹೌದಾ. ರೈಲೇ ಬರಲಿಲ್ಲ, ಇನ್ನು ಹಿಮ ಎಲ್ಲಿಂದ ಬರ್ಬೇಕು," ಎಂದು ಅವನು ಬೇಸರದಿಂದ ಹೋದ. ಹೋಗುವಾಗ, "ನಡುವಿಂದು ಯಾವುದಾದ್ರೂ ಇದ್ರೆ ಅದನ್ನೇ ತಗಳಿ" ಎಂದು ಹೇಳಿಯೇ ಹೋದ.

ಗಂಟೆ ಹತ್ತಾಗುವಷ್ಟರಲ್ಲಿ ಉದ್ದಕ್ಕೆ ಎಷ್ಟು ಜನವೋ ಗಿಡ್ಡಕ್ಕೂ ಅಷ್ಟೇ ಜನ ಸೇರಿದ್ದರು. ಜೀಪಿನ ಕಮಾನು ಕೇಳಲು ಬಂದವನು ಕಮಾನು ಮರೆತು ಉದ್ದದ ಪಕ್ಷ ಸೇರಿದ. ಎದುರಿನ ಹೋಟೆಲಿನವನು ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಬಂದು ಗಿಡ್ಡದ ಪಕ್ಷ ಸೇರಿದ. ಅವನ ಕಲ್ಲಿನ ಮೇಲೆ ದೋಸೆ ಸುಟ್ಟ ವಾಸನೆ ಬಂದಾಗಲೂ ಸಭೆ ಏಳಲಿಲ್ಲ. ಪ್ರಶ್ನೆ ಯಾರದು ಎಂಬುದೂ ಅಲ್ಲಿ ಯಾರಿಗೂ ನೆನಪಿರಲಿಲ್ಲ.

ವಿಘ್ನೇಶ್ವರ ಮೆಲ್ಲಗೆ ಹಿಂದಿನ ಬಾಗಿಲಿನಿಂದ ಹೊರಬಿದ್ದ. 'ಹಿಟ್ಟು ಇದ್ದಾಂಗೆ' ಎಂದಿದ್ದನಲ್ಲ ಶಶಾಂಕ? ಹಾಗಾದರೆ ಹಿಟ್ಟಿನಲ್ಲೇ ನೋಡಿದರಾಯಿತು. ಹಿಂದಿನ ಓಣಿಯಲ್ಲಿ ದ್ಯಾವಮ್ಮನ ಹಿಟ್ಟಿನ ಗಿರಣಿ ಇತ್ತು.

ದ್ಯಾವಮ್ಮ ಗಿರಣಿಯ ಸದ್ದಿನಲ್ಲೇ ಮೂವತ್ತು ವರ್ಷ ಕಳೆದವಳು. ಮೆಲ್ಲಗೆ ಮಾತಾಡಿದರೂ ಪಕ್ಕದ ಓಣಿಗೆ ಕೇಳುತ್ತಿತ್ತು. "ಎಂತ ಬೇಕು ಕಮಾನಂಗಡಿ ಭಟ್ರೇ?"

"ಒಂದು ಸ್ವಲ್ಪ ಹಿಟ್ಟು ನೋಡ್ಬೇಕಿತ್ತು ದ್ಯಾವಮ್ಮ."

"ನೋಡೂದಾ? ನೋಡಿ. ನೋಡೂಕೆ ನಾ ದುಡ್ಡು ತಗಳೂದಿಲ್ಲ," ಎಂದು ಅವಳು ಬೆಲ್ಟಿಗೆ ಮೇಣ ಹಚ್ಚಲು ತಿರುಗಿದಳು.

ಸಾಲಾಗಿ ಇಟ್ಟಿದ್ದ ಡಬ್ಬಿಗಳಲ್ಲಿ ಒಂದರ ತುಂಬ ಹೊಸದಾಗಿ ಬೀಸಿದ ಅಕ್ಕಿಹಿಟ್ಟು ಇತ್ತು, ಬಿಳಿಯಾಗಿ, ನುಣ್ಣಗೆ, ಕ್ಯಾಲೆಂಡರಿನ ಹಿಮದ ಹಾಗೆಯೇ. ವಿಘ್ನೇಶ್ವರ ಅಂಗಡಿಯ ಹಿಂದಿನಿಂದ ಆರಿಸಿ ತಂದಿದ್ದ ಎರಡು ಕಟ್ಟಿಗೆಯ ಪಟ್ಟಿ ತೆಗೆದ, ಒಂದು ಗಿಡ್ಡ, ಒಂದು ಉದ್ದ. ಗಿಡ್ಡದ್ದನ್ನು ಹಿಟ್ಟಿನ ಮೇಲೆ ಇಟ್ಟು ಅದರ ಮೇಲೊಂದು ತೂಕದ ಕಲ್ಲು ಇಟ್ಟ. ಪಟ್ಟಿ, ಕಲ್ಲು ಎರಡೂ ಸದ್ದಿಲ್ಲದೆ ಮುಳುಗಿದವು. ಉದ್ದದ್ದನ್ನು ಇಟ್ಟು ಇನ್ನೊಂದು ಕಲ್ಲು ಇಟ್ಟ. ಮುಳುಗಲಿಲ್ಲ! ಇನ್ನೂ ಒಂದು ಇಟ್ಟ. ಆಗಲೂ ಮುಳುಗಲಿಲ್ಲ! "ಉದ್ದದ್ದೇ!" ಎಂದು ಕೂಗಬೇಕು, ಅಷ್ಟರಲ್ಲಿ ಕಂಡಿತು. ಉದ್ದದ ಪಟ್ಟಿಯ ಎರಡು ತುದಿಯೂ ಡಬ್ಬಿಯ ಅಂಚಿನ ಮೇಲೆ ಕೂತಿದ್ದವು. ಅಡಿಗೆ ಹಿಟ್ಟಿದ್ದರೂ ಒಂದೇ, ಬಾವಿ ಇದ್ದರೂ ಒಂದೇ.

ಮುಳುಗಿದ ತೂಕದ ಕಲ್ಲನ್ನು ತೆಗೆಯಲು ಅವನು ಮೊಣಕೈವರೆಗೆ ಕೈ ಹಾಕಿದ. ಆಗಲೇ ದ್ಯಾವಮ್ಮ ತಿರುಗಿದಳು.

"ಅಯ್ಯಯ್ಯ! ಅದು ಟೀಚರಮ್ಮನ ಮನೆ ಚಕ್ಕುಲಿ ಹಿಟ್ಟು!"

ಆ ಕೂಗಿಗೆ ಅವನು ಬೆಚ್ಚಿ ಎದ್ದ. ಡಬ್ಬಿಯೂ ಅವನ ಕೈಯೊಡನೆ ಎದ್ದಿತು. ಮುಂದಿನದನ್ನು ದ್ಯಾವಮ್ಮ ಆ ವಾರವಿಡೀ ಗಿರಾಕಿಗಳಿಗೆ ಹೇಳಿದಳು: "ಹಿಮ ಹಿಮ ಅಂತಿದ್ರು, ನಮ್ಮ ಗಿರಣಿಯಲ್ಲೇ ಬಿತ್ತು ಮಾರಾಯ್ರೆ. ಭಟ್ರ ಕಣ್ಣು ಎರಡು ಬಿಟ್ರೆ ಬೇರೆ ಎಂತದೂ ಕಾಣ್ತಾ ಇರಲಿಲ್ಲ."

ಹೊಸ ಅಕ್ಕಿ ತಂದು ಬೀಸಿಸಿ ಟೀಚರಮ್ಮನ ಮನೆಗೆ ಮುಟ್ಟಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬರುವ ದಾರಿಯಲ್ಲಿ ಸಣ್ಣ ಗಣಪತಿ ಗುಡಿ. ಮನುಷ್ಯರಿಗೆ ತಿಳಿಯದ್ದನ್ನು ಈ ಕಡೆಯವರು ಪ್ರಸಾದ ಕೇಳಿ ತಿಳಿದುಕೊಳ್ಳುತ್ತಾರೆ. ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಯಾವುದು ಮೊದಲು ಬೀಳುತ್ತದೆ ನೋಡುವುದು. ಮದುವೆಗೆ ಕೇಳುತ್ತಾರೆ, ಬಾವಿ ತೋಡಲಿಕ್ಕೆ ಕೇಳುತ್ತಾರೆ, ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಯಿತೆಂದು ಕೇಳುತ್ತಾರೆ. ಹಳಿಗೆ ಯಾಕೆ ಕೇಳಬಾರದು?

"ಇಷ್ಟೊಂದು ವಿಭೂತಿ ಎಂತಕ್ಕೆ ಬಳ್ಕಂಜೆ?" ಎಂದರು ಪೂಜೆಯ ಭಟ್ಟರು.

"ವಿಭೂತಿ ಅಲ್ಲ, ಚಕ್ಕುಲಿ ಹಿಟ್ಟು. ಒಂದು ಪ್ರಸಾದ ಕೇಳವಾಗಿತ್ತು. ಬಲದ್ದು ಬಿದ್ರೆ ಉದ್ದ, ಎಡದ್ದು ಬಿದ್ರೆ ಗಿಡ್ಡ."

ಎಂತದು ಉದ್ದ, ಎಂತದು ಗಿಡ್ಡ ಎಂದು ಭಟ್ಟರು ಕೇಳಲಿಲ್ಲ. ಎಷ್ಟೋ ಜನರ ಎಂತೆಂತದೋ ಕೇಳಿದವರು. ಎರಡು ಕೇಪಳ ಹೂವು ಅಂಟಿಸಿದರು. ವಿಘ್ನೇಶ್ವರ ಕಣ್ಣು ಮುಚ್ಚಿದ. ಕಣ್ಣೊಳಗೆ ಪರಿಮಳಾ ಬಿಳಿ ಗುಡ್ಡದ ತುದಿಯಲ್ಲಿ ಪಾನಕ ಹಿಡಿದು ನಿಂತಿದ್ದಳು. ಕಣ್ಣು ತೆರೆದಾಗ ಒಂದು ಹೂವು ಪೀಠದ ಮೇಲಿತ್ತು.

"ಬಲ!" ಎಂದು ಅವನು ಕುಣಿದ.

"ಎಡ," ಎಂದರು ಭಟ್ಟರು. "ದೇವರ ಬಲಗೈ ಯಾವುದು ಹೇಳಿ ನೋಡು. ಅಂವ ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದ. ನಿನ್ನ ಬಲ ಅವಂಗೆ ಎಡ."

"ಆದ್ರೆ ಆನು ನನ್ನ ಬಲ ಹೇಳಿ ಮನಸಲ್ಲಿ ಅಂದ್ಕಂಡಿದ್ದಿ..."

"ಬಾಯಲ್ಲಿ ಹೇಳಿದ್ಯಾ?"

"ಇಲ್ಲೆ."

"ಹಾಂಗಾದ್ರೆ ದೇವರಿಗೂ ಗೊಂದಲ ಆಗಿರ್ತು. ಇನ್ನೊಂದ್ಸಲ ಕೇಳಲಾಗ, ಸಿಟ್ಟು ಮಾಡ್ತ." ಭಟ್ಟರು ಆ ಹೂವನ್ನೇ ಎತ್ತಿ ಅವನ ಕೈಗೆ ಕೊಟ್ಟರು. "ತಗ, ಎರಡಕ್ಕೂ ಆಗ್ತು."

ಕಿವಿಗೆ ಹೂವು ಇಟ್ಟುಕೊಂಡು, ಮೈಗೆ ಹಿಟ್ಟು ಬಳಿದುಕೊಂಡು ಅವನು ಅಂಗಡಿಗೆ ಮರಳಿದಾಗ ಅಲ್ಲಿ ಸಭೆ ಮುಗಿದು ಠರಾವು ಆಗಿತ್ತು.

"ಬಾರಪಾ ಮದುಮಗನ," ಎಂದರು ಶಂಕ್ರಪ್ಪ. "ಬಾಯಿ ಮಾತಿನಾಗ ಬಗಿಹರಿಯೂದಿಲ್ಲ ಇದು. ಸಾಮಿಲ್ಲಿನ ಹಿಂದ ಮರದ ಹೊಟ್ಟಿನ ಗುಡ್ಡ ಐತಿ. ಸೊಂಟದ ಮಟ ಏನು, ತಲಿ ಮಟ ಹುಗೀತದ. ಅಲ್ಲೇ ಹತ್ತಿಸಿ ನೋಡೂದು. ನಮ್ಮ ಗಿರಾಕಿ ಹೊನ್ನ ಟಿಲ್ಲರ್ ತರ್ತಾನ."

"ಹತ್ತೋರು ಯಾರು?" ಎಂದ ವಿಘ್ನೇಶ್ವರ.

ಎಲ್ಲರೂ ಅವನನ್ನೇ ನೋಡಿದರು.

ಸಾಮಿಲ್ಲಿನ ಹೊಟ್ಟಿನ ಗುಡ್ಡ ವರ್ಷಾನುವರ್ಷ ಬೆಳೆದು ಹಂಚಿನ ಮಾಡಿಗಿಂತ ಎತ್ತರವಾಗಿತ್ತು. ಕಾವಲಿನ ಮಂಜಪ್ಪ ಮೊದಲು, "ಯಜಮಾನ್ರು ಬೈತ್ರು, ಇಲ್ಲೆಲ್ಲ ಆಟ ಆಡೂದಲ್ಲ" ಎಂದ. ಹೆಣ್ಣಿನ ವಿಷಯ ಎಂದು ತಿಳಿದ ಮೇಲೆ ತಾನೇ ಹಳೆಯ ಬಾಗಿಲೊಂದನ್ನು ಹೊತ್ತು ತಂದ. ಬಾಗಿಲಿನ ಅಡಿಗೆ ಎರಡು ಗಿಡ್ಡ ಕಮಾನುಪಟ್ಟಿ ಬಿಗಿದರು, ಅದು ಗಿಡ್ಡ ಹಳಿ. ಮುಂಭಾಗಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಗುಡ್ಡದ ಮೇಲಿಂದ ಹಾಯಿಸಿ, ಆಚೆ ಬದಿಯಲ್ಲಿ ನಿಂತ ಹೊನ್ನನ ಟಿಲ್ಲರಿಗೆ ಕಟ್ಟಿದರು. ಹೊನ್ನನಿಗೆ ಈಚೆ ಬದಿ ಕಾಣುತ್ತಿರಲಿಲ್ಲ. ಟಿಲ್ಲರಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸುತ್ತಲೂ ಇರಲಿಲ್ಲ. ಇದನ್ನು ಯಾರೂ ಮೊದಲು ಯೋಚಿಸಲಿಲ್ಲ. ಯೋಚಿಸಬೇಕಾದವನು ಬಾಗಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಗುಳಿಯನ್ನು ಎರಡು ಕೈಯಲ್ಲೂ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

ಹಗ್ಗ ಬಿಗಿಯಾಯಿತು. ಬಾಗಿಲು ಹೊರಟಿತು. ಹೊಟ್ಟಿಗೆ ಮೂತಿ ತಾಗಿದ್ದೇ ತಡ, ಮೇಲೆ ಹತ್ತುವ ಬದಲು ಬಾಗಿಲು ಹೆಗ್ಗಣದ ಹಾಗೆ ಒಳಗೆ ಹೊಕ್ಕಿತು. ಮೊದಲು ವಿಘ್ನೇಶ್ವರನ ಮಂಡಿ ಹೋಯಿತು, ಆಮೇಲೆ ಎದೆ, ಆಮೇಲೆ ಕಿವಿಯ ಕೇಪಳ.

"ನಿಲ್ಸೋ ಹೊನ್ನಾ!" ಎಂದು ರಾಘು ಕೂಗಿದ. ಹೊನ್ನ ಆಚೆ ಬದಿಯಲ್ಲಿ ಗೇರು ಬದಲಿಸಿದ.

ಈಚೆ ನಿಂತವರಿಗೆ ಸ್ವಲ್ಪ ಹೊತ್ತು ಗುಡ್ಡ ಒಂದೇ ಕಂಡಿತು. ಆಮೇಲೆ ಗುಡ್ಡದ ನಡು ಉಬ್ಬಿತು. ಆಚೆ ಬದಿಯಿಂದ ಹೊನ್ನನ ಕಿರುಚಾಟ ಕೇಳಿತು: "ಅಯ್ಯೋ, ಭೂತ! ಗುಡ್ಡದೊಳಗಿಂದ ಬಂತು!"

ವಿಘ್ನೇಶ್ವರನನ್ನು ಎತ್ತಿ ನಿಲ್ಲಿಸಿ ಕೊಡವಿದರು. ಮೂಗಿನಿಂದ ಸಾಗುವಾನಿ ಬಂತು, ಕಿವಿಯಿಂದ ಹಲಸು.

"ಗಿಡ್ಡದ್ದು ಹುಗೀತು, ಆತಲ?" ಎಂದ ರಾಘು ಗೆದ್ದವನ ಹಾಗೆ.

"ಹುಗಿದ್ರ ಏನಾತು? ಆ ಕಡೆ ಮುಟ್ಟಿದ್ನೋ ಇಲ್ಲೋ?" ಎಂದರು ಶಂಕ್ರಪ್ಪ.

ಈಗ ಉದ್ದ ಪಟ್ಟಿಗಳ ಸರದಿ. ಲಾರಿಯ ಕಮಾನುಪಟ್ಟಿ, ಮುಂದಿನ ತುದಿ ತಾನಾಗಿಯೇ ಮೇಲೆ ಬಾಗಿದ್ದು. ವಿಘ್ನೇಶ್ವರ ಬೇಡವೆನ್ನಲು ಬಾಯಿ ತೆರೆದರೆ ಬಾಯಿಂದ ಹೊಟ್ಟೇ ಉದುರಿತು. ಕೂರಿಸಿದರು. ಹೊನ್ನನಿಗೆ ಈ ಸಲ, ಮಂಜಪ್ಪ ಗುಡ್ಡದ ಬದಿಯಲ್ಲಿ ನಿಂತು ಟವೆಲು ಬೀಸಿದರೆ ನಿಲ್ಲಿಸಬೇಕೆಂದು ಹೇಳಿದರು.

ಹಗ್ಗ ಬಿಗಿಯಾಯಿತು. ಬಾಗಿಲು ಹೊಟ್ಟಿಗೆ ತಾಗಿತು, ಮೂತಿ ಎತ್ತಿತು, ಒಮ್ಮೆ ಉಸಿರು ಬಿಟ್ಟ ಹಾಗೆ ಮಾಡಿ ಹೊಟ್ಟಿನ ಮೇಲೆ ಏರಿತು. ಮುಳುಗಲಿಲ್ಲ. ಅಂಚುಗಳಿಂದ ಹೊಟ್ಟು ಮೆಲ್ಲಗೆ ಜಾರುತ್ತಿತ್ತು. ಬಾಗಿಲು ತೇಲಿದ ಹಾಗೆ ಮೇಲೆ, ಇನ್ನೂ ಮೇಲೆ ಹೋಯಿತು. ವಿಘ್ನೇಶ್ವರ ಕಣ್ಣು ತೆರೆದ. ಸಂಜೆಯ ಬಿಸಿಲಿಗೆ ಹೊಟ್ಟಿನ ಪುಡಿ ಬಂಗಾರದ ಹಾಗೆ ಎದ್ದಿತ್ತು. ತುದಿ ಮುಟ್ಟಿದಾಗ ಊರಿನ ಮಾಡುಗಳು, ಬಸ್‌ಸ್ಟ್ಯಾಂಡು, ಮಾರಿಗುಡಿಯ ಕಡೆಯ ದಾರಿ, ಎಲ್ಲವೂ ಅಡಿಗೆ ಕಂಡವು. ಏಳು ಕಡಲಿನಾಚೆಯ ಹೂವು ಅಲ್ಲೇ ಎಲ್ಲೋ ಅರಳಿರಬೇಕು ಅನ್ನಿಸಿತು ಅವನಿಗೆ. ಹಿಮವೆಂದರೆ ಇದೇ ಇರಬೇಕು, ಸ್ವಲ್ಪ ತಣ್ಣಗಿರುತ್ತದೆ, ಅಷ್ಟೇ.

ಮಂಜಪ್ಪ ಟವೆಲು ಬೀಸಿದ. ಹೊನ್ನ ನಿಲ್ಲಿಸಿದ. ಬಾಗಿಲು ನಿಲ್ಲಲಿಲ್ಲ.

ಆಚೆಯ ಇಳಿಜಾರಿನಲ್ಲಿ ಅದಕ್ಕೆ ಹಗ್ಗವೇ ಬೇಕಿರಲಿಲ್ಲ. ವಿಘ್ನೇಶ್ವರ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಉದ್ದ ಹಳಿ ತಿರುಗುವ ಮಾತೇ ಇಲ್ಲ. ಟಿಲ್ಲರನ್ನೂ ಹೊನ್ನನನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ನೇರ ಹೋಗಿ ಮರದ ದಿಮ್ಮಿ ನೆನೆಹಾಕುವ ಹೊಂಡಕ್ಕೆ ಬಿತ್ತು.

ಹೊಂಡದಿಂದ ಎತ್ತುವಾಗಲೂ ವಾದ ನಿಂತಿರಲಿಲ್ಲ.

"ಹತ್ತಿತು ನೋಡಿ, ಬೆಣ್ಣೆ ಮೇಲೆ ಹೋದ ಹಾಗೆ!"

"ಹತ್ತಿ ಏನ್ ಮಾಡೂದಪಾ, ತಿರುಗಲಿಲ್ಲಲ್ಲ! ಗಿಡ್ಡಂದು ಚಂದ ತಿರಗತಿತ್ತು."

"ಹುಗಿದ ಮೇಲೆ ಎಲ್ಲಿಗೆ ತಿರುಗೂದು ಮಾರಾಯ್ರೆ?" ಎಂದ ಮಂಜಪ್ಪ.

ವಿಘ್ನೇಶ್ವರ ಹೊಂಡದ ದಂಡೆಯಲ್ಲಿ ಕೂತ. ಹಿಟ್ಟು, ಹೊಟ್ಟು, ನೀರು ಸೇರಿ ಅವನ ಮೈ ಮೇಲೆ ಒಂದು ನಮೂನೆಯ ಹೋಳಿಗೆ ಹಿಟ್ಟು ಕಟ್ಟಿತ್ತು. ತಲೆಯೊಳಗೂ ಹಾಗೆಯೇ. ಗಿಡ್ಡದ್ದು ತಿರುಗುತ್ತದೆ, ಹುಗಿಯುತ್ತದೆ. ಉದ್ದದ್ದು ಹುಗಿಯುವುದಿಲ್ಲ, ತಿರುಗುವುದಿಲ್ಲ. ಒಳ್ಳೆಯದು ಯಾವುದು? ಯಾರಿಗೆ? ಎಲ್ಲಿ? ಬಹಳ ಹೊತ್ತಿನ ಮೇಲೆ ಆ ಹಿಟ್ಟಿನ ನಡುವಿನಿಂದ ಶಶಾಂಕನ ಮಾತು ಒಂದೇ ತೇಲಿ ಬಂತು. 'ಏರು ಹತ್ತವು' ಎಂದಿದ್ದ. ಹತ್ತಬೇಕು ಅಷ್ಟೇ. ತಿರುಗುವ ವಿಷಯ ಅವನು ಕೇಳಿರಲೇ ಇಲ್ಲ. ಇಳಿಯುವುದನ್ನೂ ಕೇಳಿರಲಿಲ್ಲ.

ಹೋಟೆಲುಗಳಲ್ಲಿ ಬಲ್ಬು ಹೊತ್ತಿಕೊಳ್ಳುತ್ತಿದ್ದವು. ಅವನು ಎದ್ದು ಓಡಿದ. ಅವನ ಹಿಂದೆ ಶಂಕ್ರಪ್ಪ, ರಾಘು, ಮಂಜಪ್ಪ, ಹೊನ್ನ, ಗಿರಣಿಗೆ ಬೀಗ ಹಾಕಿ ಬಂದ ದ್ಯಾವಮ್ಮ. ಎಸ್ಟಿಡಿ ಬೂತಿನವನು ಈ ಮೆರವಣಿಗೆ ಕಂಡು ಮಾತಾಡುತ್ತಿದ್ದ ಗಿರಾಕಿಯನ್ನೇ ಹೊರಗೆ ಕಳಿಸಿದ. ವಿಘ್ನೇಶ್ವರ ಗಾಜಿನ ಗೂಡಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡ. ಹೊರಗೆ ಐದು ಮೂಗುಗಳು ಗಾಜಿಗೆ ಅಂಟಿಕೊಂಡವು.

"ಭಾವ, ಆನು ವಿಘ್ನೇಶ್ವರ. ಉದ್ದದ್ದು! ಮೂತಿ ಎತ್ತಿದ್ದು, ತೂತಿಪ್ಪದು!"

"ಎಂತಕ್ಕೆ?" ಎಂದ ಶಶಾಂಕ.

"ಉದ್ದ ಇದ್ರೆ ಭಾರ ಹಂಚಿ ಹೋಗ್ತು, ಹುಗಿತಿಲ್ಲೆ. ಮೂತಿ ಎತ್ತಿದ್ರೆ ಹೊಟ್ಟಿನ... ಹಿಮದ ಮೇಲೆ ಹತ್ತತು, ಒಳಗೆ ಹೊಕ್ತಿಲ್ಲೆ. ತೂತಿದ್ರೆ ಹಗುರ, ಕಚ್ಚಿದ್ದೆಲ್ಲ ಉದುರಿ ಹೋಗ್ತು." ಕಡೆಯದ್ದನ್ನು ಹೇಳುವಾಗ ಅವನು ತನ್ನ ಕಿವಿಯಿಂದಲೇ ಉದುರುತ್ತಿದ್ದದ್ದನ್ನು ನೋಡುತ್ತಿದ್ದ.

"ತಿರುಗ್ಸಲೆ ಕಷ್ಟ ಅಲ್ದಾ?"

"ತಿರುಗ್ಸಲೆ ಹೋಗಡ ಭಾವ. ಹತ್ತು, ಮೇಲೆ ನಿಂತ್ಕ."

ಆ ಕಡೆ ಒಂದು ಕೇಕೆ ಎದ್ದಿತು. "ಅಪ್ಪಯ್ಯಾ! ಪೂರ್ತಿ ಸರಿ ಹೇಳ್ದ! ಎಂಗಳ ಅಲ್ಲಿಯ ಹಳೆ ಫಿಟ್ಟರ್ ಹೇಳಿದ್ದೂ ಇದೇಯ!"

ಗಾಜಿನಾಚೆಯ ಮೂಗುಗಳಿಗೆ ವಿಘ್ನೇಶ್ವರ ಹೆಬ್ಬೆರಳು ಎತ್ತಿ ತೋರಿಸಿದ. ಹೊರಗೆ ಹೋ ಎಂದರು. ಫೋನು ಭಟ್ಟರ ಕೈಗೆ ಹೋಯಿತು.

"ಭೇಷ್ ತಮಾ! ನಿನ್ನ ಮಾವ ಹೇಳಿದ್ದು ಸುಳ್ಳಲ್ಲ. ಜಗಲಿಲಿ ಕೂತವೆಲ್ಲ ಒಪ್ಪಿ ಆತು. ಶಶಾಂಕ ಅಂತೂ, ನಿನ್ನ ಅಲ್ಲಿಗೇ ಕರ್ಕಂಡು ಹೋಪದು ಹೇಳ್ತಾ ಇದ್ದ. ಅಲ್ಲಿ ಇಂಥ ತಲೆಯವ್ವು ಸಿಕ್ತ್ವಿಲ್ಯಡ. ಕಂಪನಿಗೆ ಈಗಲೇ ನಿನ್ನ ಹೆಸರು... ಏ ತಡಿ, ಇದು ಫೋನು ಕೊಡು ಹೇಳ್ತು..."

ಬಳೆಯ ಸದ್ದಾಯಿತು.

"ತಮಾ, ಆನು ಪರಿಮಳನ ಆಯಿ."

"ಹೇಳಿ ಅತ್ತೆ!"

"ಅತ್ತೆ ಹೇಳದು ಸ್ವಲ್ಪ ತಡಿ," ಎಂದಿತು ಆ ಧ್ವನಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂವತ್ತು ವರ್ಷ ಜಗಲಿಯ ಮಾತೆಲ್ಲ ಕೇಳಿಸಿಕೊಂಡ ಧ್ವನಿ. ಜಗಲಿಯಲ್ಲಿ ಠರಾವು ಆದದ್ದು ಒಳಗೆ ಬಂದು ರುಜುವಾಗಬೇಕು ಎಂಬ ಪದ್ಧತಿ ಗೊತ್ತಿಲ್ಲದವರು ಈ ಮೂರು ತಾಲೂಕಿನಲ್ಲಿ ಗಂಡಸರು ಮಾತ್ರ. "ನೀ ಸರೀ ಹೇಳಿದ್ಯಡ. ಜಾಣ. ಕಿಶೋರ ಗಿಡ್ಡದ್ದು ಹೇಳ್ದ. ಅದನ್ನ ಹಾಕಿದ್ರೆ ಗಾಡಿ ಅಲ್ಲೇ ಹುಗಿದು ಹೋಗ್ತಿತ್ತಡ."

"ಹೌದು, ಹುಗಿತು. ಆನೇ ಹುಗಿದು ನೋಡಿದ್ದಿ."

"ಅದಕ್ಕೇ ಹೇಳಿದ್ದು. ಹಾಂಗೆ ಹೇಳವನ್ನ ಅಲ್ಲಿಗೆ ಯಾರೂ ಕರಿತ್ವಿಲ್ಲೆ. ಅಂವ ಯಲ್ಲಾಪುರ ಬಿಟ್ಟು ಹೋಗ್ತ್ನಿಲ್ಲೆ. ನಂಗೆ ಇಪ್ಪವ್ವು ಎರಡೇ ಮಕ್ಕ ತಮಾ. ಒಬ್ಬ ಹಿಮಕ್ಕೆ ಹೋದ. ವರ್ಷಕ್ಕೊಂದ್ಸಲ ಬತ್ತ, ಬಂದ್ರೂ ಹಿಮದ್ದೇ ಮಾತು. ಇನ್ನೊಂದನ್ನೂ ಆ ಗಾಡಿ ಮೇಲೆ ಕೂರ್ಸಿ ಕಳ್ಸಲೆ ನನ್ನತ್ರ ಆಗ್ತಿಲ್ಲೆ. ಕೂಸಿನ ಕಿಶೋರಂಗೆ ಕೊಡದು ಹೇಳಿ ಆತು."

ವಿಘ್ನೇಶ್ವರನಿಗೆ ಹೊಟ್ಟಿನ ಗುಡ್ಡದೊಳಗೆ ಇನ್ನೊಮ್ಮೆ ಹೊಕ್ಕ ಹಾಗಾಯಿತು. "ಆನೂ ಹೋಪವ ಅಲ್ಲ! ಆನು ಹಿಮ ಕಂಡವನೇ ಅಲ್ಲ! ನಂಗೆ ಎಂತೂ ಗೊತ್ತಿಲ್ಲೆ! ಬೇಕಾದ್ರೆ ಗಿಡ್ಡದ್ದು ಹೇಳ್ತೆ, ಈಗಲೇ ಹೇಳ್ತೆ, ಗಿಡ್ಡದ್ದು!"

"ಹೇಳಿ ಆತಲ ತಮಾ. ಶಶಾಂಕನೂ ಮೊದಲು ಹೀಂಗೇ, ಆನು ಹೋಪವ ಅಲ್ಲ ಹೇಳಿದ್ದ." ಧ್ವನಿ ಸ್ವಲ್ಪ ಮೆತ್ತಗಾಯಿತು. "ನೀ ಒಳ್ಳೆ ಮಾಣಿ. ಅದು ತಪ್ಪಲ್ಲ."

"ಪರಿಮಳಾ... ಎಂತ ಹೇಳ್ತು?"

ಆ ಕಡೆ ಫೋನಿಗೆ ಕೈ ಅಡ್ಡ ಹಿಡಿದ ಹಾಗಾಯಿತು. ಒಳಗೆ ಏನೋ ಪಿಸುಪಿಸು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಆಯಿ ಹೇಳಿದ್ದೇ ಸರಿ ಹೇಳ್ತು ಕೂಸು. ಮತ್ತೆ ಇನ್ನೊಂದು ಹೇಳ್ತು. ಬಪ್ಪ ತಿಂಗಳು ಮದುವೆಗೆ ಯಲ್ಲಾಪುರದಿಂದ ದಿಬ್ಬಣದ ಜೀಪು ಬಪ್ಪದಿದ್ದಲ, ಘಟ್ಟದ ದಾರಿ, ಅದ್ರ ಅಡಿಗೆ ಒಂದ್ಸಲ ನಿನ್ನತ್ರವೇ ತೋರ್ಸವಡ. ನಿನ್ನ ಕೈ ಮೇಲೆ ಅದಕ್ಕೆ ಅಷ್ಟು ನಂಬಿಕೆ. ನೋಡಿಕೊಡ್ತ್ಯಲ?"

ಬಾಯಿ ಮತ್ತೆ ತಲೆಯನ್ನು ಕೇಳಲಿಲ್ಲ. "ನೋಡಿಕೊಡ್ತೆ," ಎಂದಿತು.

ಅವನು ಫೋನು ಇಟ್ಟು ಗಾಜಿನ ಬಾಗಿಲು ತೆರೆದ. ಐವರೂ ಒಟ್ಟಿಗೇ ಮುಗಿಬಿದ್ದರು.

"ಸರಿ ಹೇಳಿದ್ಯೋ ತಪ್ಪೋ?" ಎಂದರು ಶಂಕ್ರಪ್ಪ.

"ಸರಿ."

"ನಾ ಹೇಳಲಿಲ್ವಾ, ಉದ್ದ!" ಎಂದು ರಾಘು ಹಾರಿದ. ದ್ಯಾವಮ್ಮ ಎರಡು ಕೈಯ ಬೆರಳನ್ನೂ ಕೆನ್ನೆಗೊತ್ತಿ ಲಟಕ್ಕೆಂದು ನೆಟಿಕೆ ಮುರಿದಳು. ಹೊನ್ನ, ಮಂಜಪ್ಪ ಇಬ್ಬರೂ ಸೇರಿ ವಿಘ್ನೇಶ್ವರನನ್ನು ಎತ್ತಿದರು. ಅವನು ಎತ್ತಿಸಿಕೊಂಡ, ಬೇಡವೆನ್ನುವ ಶಕ್ತಿ ಉಳಿದಿರಲಿಲ್ಲ.

"ಹಂಗಾರ ಮದಿವಿ ಯಾವಾಗಪಾ?"

"ಬರೋ ತಿಂಗಳು."

"ಭಪ್ಪರೇ! ಆವತ್ತೂ ಅದರ ಹಿಂದಿನ ದಿನಾನೂ ಅಂಗಡೀಗೆ ರಜಾ!"

"ರಜ ಕೊಡಬೇಡಿ ಸಾವ್ಕಾರ್ರೆ," ಎಂದ ವಿಘ್ನೇಶ್ವರ ಮೇಲಿನಿಂದ. "ಹಿಂದಿನ ದಿನ ಕಿಶೋರನ ದಿಬ್ಬಣದ ಜೀಪು ಬರ್ತದೆ. ಅಡಿಗೆ ನಾನೇ ಹೊಕ್ಕು ನೋಡ್ಬೇಕು."